ತೆರೆಯ ಕೆಳಗಿನ ಪಾದಗಳು

ಬೆಡ್‌ಶೀಟಿನ ಅಂಚು ನೆಲಕ್ಕೆ ಮುಟ್ಟುತ್ತಿಲ್ಲ, ಒಂದು ಗೇಣು ಮೇಲೆಯೇ ನಿಂತಿದೆ, ಅದರಡಿ ಕ್ಲಾಸಿನ ಹುಡುಗ ಡ್ವೇನ್‌ನ ಬಿಳಿ ಬೂಟುಗಳು, ಒಂದೊಂದೂ ಮೊರದಷ್ಟು ದೊಡ್ಡದು, ಕಾಣಲಿ ಬಿಡು, ಕಾಣಬೇಕಾದದ್ದೇ ಅವು — ಸಿದ್ದೇಶ್ವರಿ ಸೀಮೆಸುಣ್ಣವನ್ನು ಕೆಳಗಿಟ್ಟು ಬೆರಳು ಒರೆಸಿಕೊಳ್ಳಲು ಸೆರಗಿಗೆ ಕೈಹಾಕಿದಳು, ಸೆರಗೆಲ್ಲಿ ಬಂತು, ಇವತ್ತು ಪ್ಯಾಂಟು, ಪ್ಯಾಂಟಿಗೇ ಒರೆಸಿದಳು, ತೊಡೆಯ ಮೇಲೆ ಬಿಳಿ ಬೆರಳುಗಳು ಮೂಡಿದವು. ಶೀಟಿನ ಎರಡು ತುದಿ ಹಿಡಿದ ಹುಡುಗಿಯರು ಕಿಸಿಕಿಸಿ ನಗುತ್ತಿದ್ದಾರೆ, ನೀಲಿ ಹೂವಿನ ಶೀಟು, ಗೆಸ್ಟ್ ರೂಮಿನದು, ಬೆಳಿಗ್ಗೆ ಅದನ್ನು ಮಡಿಚಿ ಚೀಲಕ್ಕೆ ತುರುಕುವಾಗ ಗಂಡ ಅಮೃತ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ, ಅಲ್ಲ ಸಿದ್ದೂ, ಹಾಸಿಗಿ ಚಾದರ ಕಿತ್ಕೊಂಡು ಎಲ್ಲಿ ಹೊಂಟಿ, ನಿನ್ನ ಆಟ ಮುಗಿಯೂದರಾಗ ನಮ್ಮವ್ವ ಬಂದ್ರ ಬರೇ ಗಾದಿ ಮ್ಯಾಲ ಮಲಗಬೇಕೇನು, ಮಗಳು ಶ್ರಾವಣಿ ಸೀರಿಯಲ್ ಬಟ್ಟಲಿನಿಂದ ತಲೆಯೆತ್ತದೆ, ಅಮ್ಮಾ, ಇದು ಏಪ್ರಿಲ್, ಚಾದರ ಹೊದ್ದು ದೆವ್ವ ಆಗೋಕೆ ಹ್ಯಾಲೋವೀನ್ ಅಲ್ಲ. ನಗಲಿ ಅಪ್ಪ ಮಗಳು, ಅವರಿಗೂ ಗೊತ್ತು ಇವತ್ತೇನೆಂದು. ಹಿಂದಿನ ಗೋಡೆಯಲ್ಲಿ ಹೋದ ಬೇಸಿಗೆಯ ಒಲಿಂಪಿಕ್ಸ್ ಪೋಸ್ಟರಿನ ಒಂದು ಮೂಲೆ ಕಿತ್ತು ಗಾಳಿಗೆ ಆಡುತ್ತಿದೆ, ಅದರ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಮಿಸೆಸ್ ಹಾಲ್ಕಂ, ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ, ತೊಡೆಯ ಮೇಲೆ ಹಳದಿ ಹಾಳೆ, ಕೈಯಲ್ಲಿ ಪೆನ್ನು, ಒಳ್ಳೆಯ ಹೆಂಗಸು, ಮಾರ್ಚಿನಲ್ಲಿ ಬಂದು ಕೂತವಳು ಕೊನೆಗೆ ಮೆಲ್ಲಗೆ ಹೇಳಿದ್ದಳು, ನಿಮಗೆ ವಿಷಯ ಗೊತ್ತಿದೆ, ಅದು ನಿಮ್ಮ ಬಾಯಿಂದ ಹುಡುಗರ ತನಕ ಹೋಗುತ್ತಿಲ್ಲ, ಇನ್ನೊಂದು ಸಲ ಬರುತ್ತೇನೆ, ಅದನ್ನು ನೋಡಿಕೊಂಡು ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳುವ ಮಾತು. ಇನ್ನೊಂದು ಸಲ ಅಂದರೆ ಈ ಸಲ, ಅಂದರೆ ಈ ಶೀಟು, ಈ ಬೂಟು.

ಮಾರ್ಚಿನಲ್ಲಿ ಏನು ಮಾಡಿದ್ದಳು, ಪ್ರೊಜೆಕ್ಟರಿನ ಬೆಳಕಿನಲ್ಲಿ ಒಂದರ ಕೆಳಗೊಂದು ಗ್ರೀಕ್ ನಾಟಕದ ಶಬ್ದ ಇಳಿಸಿದ್ದಳು, ಹ್ಯೂಬ್ರಿಸ್ ಅಂದರೆ ಸೊಕ್ಕು, ಕೋರಸ್ ಅಂದರೆ ಮೇಳ, ಪೆರಿಪೆಟಿಯ ಅಂದರೆ ದೆಸೆ ತಿರುಗುವುದು, ಕಥಾರ್ಸಿಸ್ ಅಂದರೆ — ಅಷ್ಟು ಹೊತ್ತಿಗೆ ಡ್ವೇನ್ ಮೇಜಿನ ಮೇಲೆ ತಲೆಯಿಟ್ಟಿದ್ದ, ಫುಟ್ಬಾಲ್ ತಂಡದ ಹುಡುಗ, ಮಲಗಿದ ಎತ್ತಿನಂತೆ ಉಸಿರು ಬಿಡುತ್ತಿದ್ದ, ಅವನನ್ನು ಬೈದು ಏನು ಉಪಯೋಗ, ಕಾಳನ್ನೇ ತೋರಿಸದೆ ಬರೀ ಹೊಟ್ಟು ತೂರಿದವಳು ಅವಳು. ಮನೆಗೆ ಕಾರು ಓಡಿಸುತ್ತ ರಸ್ತೆಯ ಪಕ್ಕದ ಮಣ್ಣು ನೋಡಿದಳು, ಹೊಸ ಮನೆಗಳಿಗೆಂದು ಅಗೆದ ಕೆಂಪು ಮಣ್ಣು, ಮಸಾರಿ, ಊರಲ್ಲಿ ಕಪ್ಪು ಎರೆ ಹೊಲದವರು ಮಸಾರಿಯವರನ್ನು ಕಂಡರೆ ಸ್ವಲ್ಪ ಮೂಗು ಎತ್ತುತ್ತಿದ್ದರು, ಅಪ್ಪನೂ ಅಷ್ಟೆ, ಮಹಾಂತಪ್ಪ, ಹುನಗುಂದದ ಕಡೆಯ ಎರೆ ಮಣ್ಣಿನ ಮನುಷ್ಯ, ಹಗಲೆಲ್ಲ ಕುಂಟೆಯ ಹಿಂದೆ, ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಅದೇ ಕಣದಲ್ಲಿ ಅರಸ. ಬೆಳತನಕ ಆಡುವ ದೊಡ್ಡಾಟದ ಅರಸ. ಅರಸ ಹಾಗೇ ಬಂದುಬಿಡುವಂತಿಲ್ಲ ದೊಡ್ಡಾಟದಲ್ಲಿ, ಇಬ್ಬರು ತೆರೆ ಹಿಡಿಯಬೇಕು, ತೆರೆಯ ಹಿಂದೆ ಅವನು ಕುಣಿಯಬೇಕು, ಜನಕ್ಕೆ ಮೊದಲು ಕಾಣುವುದು ಕಾಲು ಮಾತ್ರ, ಗೆಜ್ಜೆ ಕಟ್ಟಿದ ಕಾಲು, ಆಮೇಲೆ ಸಾರಥಿ ಬಂದು ಕೇಳಬೇಕು, ತಾವು ಯಾರು, ಯಾವ ದೇಶ, ತಮ್ಮ ನಾಮಾಂಕಿತವೇನು, ಕೇಳಿಸಿಕೊಳ್ಳದೆ ಯಾವ ಅರಸನೂ ಒಳಗೆ ಬರುವಂತಿಲ್ಲ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತ ಹುಡುಗಿಗೆ ಆ ಕಾಲು ಗೊತ್ತು, ಹಿಮ್ಮಡಿ ಒಡೆದ ಕಾಲು, ಸೀಳುಗಳಲ್ಲಿ ಎರೆ ಮಣ್ಣು ಕಪ್ಪಗೆ ಕೂತ ಕಾಲು, ಗೆಜ್ಜೆ ತಾಗಿ ನೋಯದಿರಲೆಂದು ಅವ್ವ ಅರಿವೆ ಸುತ್ತಿಕೊಟ್ಟ ಕಾಲು, ಅವ್ವ ಅಂದರೆ ಶಿವಕ್ಕ, ಬಾಯಿ ಬಲು ಚೂಪು, ಕಿರೀಟ ನೋಡಾಕ ಊರ ಮಂದಿ, ಅರಸನ ಕಾಲಿಗೆ ಹರಳೆಣ್ಣಿ ತಿಕ್ಕಾಕ ನಾನು. ತೆರೆ ಸರಿಯುವ ಮೊದಲೇ ಇಡೀ ಕಣದಲ್ಲಿ ಅವಳೊಬ್ಬಳಿಗೆ ತಿಳಿದಿರುತ್ತಿತ್ತು ಅರಸ ಯಾರೆಂದು. ಕಾರಿನಲ್ಲಿ, ಸಿಗ್ನಲ್ ಕೆಂಪಗಿದ್ದಾಗ ಅದು ಹೊಳೆಯಿತು, ಪಾಠಕ್ಕೂ ತೆರೆ ಹಿಡಿಸಬೇಕೆಂದು, ಹಿಂದಿನ ಕಾರಿನವನು ಹಾರ್ನ್ ಬಾರಿಸಿದ, ಹಸಿರಾದದ್ದು ಕಂಡಿರಲಿಲ್ಲ.

ಈಗ ಹೆದರ್ ಮುಂದೆ ಬಂದಿದ್ದಾಳೆ, ಇವತ್ತಿನ ಸಾರಥಿ, ಜಡೆಗೆ ಹಸಿರು ರಿಬ್ಬನ್ನು, ನೀವು ಯಾರು, ಯಾವ ದೇಶದವರು, ಜನ ನಿಮ್ಮನ್ನು ಏನೆಂದು ಕರೆಯುತ್ತಾರೆ — ಸಾರಥಿಯ ಮಾತೇ, ಇಂಗ್ಲಿಷಿನಲ್ಲಿ, ಜಾರ್ಜಿಯಾದ ಎಳೆದ ರಾಗದಲ್ಲಿ, ಅಪ್ಪ ಕೇಳಬೇಕಿತ್ತು ಇದನ್ನು. ಶೀಟು ಸರಿಯಿತು. ನಾನ್ಯಾರೆಂದು ಕೇಳುತ್ತೀಯಾ, ಡ್ವೇನ್ ಎದೆ ಉಬ್ಬಿಸಿದ, ಈ ಊರು ಹಾಳಾಗುತ್ತಿದ್ದಾಗ ಉಳಿಸಿದವನು, ಮಗುವಿಗೂ ನನ್ನ ಹೆಸರು ಗೊತ್ತು, ಹಿಂದಿನ ಸಾಲಿನ ಮೇಳ ಕೊನೆಯ ಮಾತು ಹಿಡಿದು ಹಾಡಿತು, ಗೊತ್ತು, ಗೊತ್ತು, ಯಾರೋ ಮೇಜು ಬಡಿದ, ಮದ್ದಳೆ ಇಲ್ಲದ ಕೊರತೆ ನೀಗಿತು. ಇದು ಕೋರಸ್, ಎಂದಳು, ಊರಿನ ಬಾಯಿ. ಅವನು ಎದೆ ಉಬ್ಬಿಸಿದನಲ್ಲ, ಅದು ಹ್ಯೂಬ್ರಿಸ್. ಶೀಟು ಸರಿಯುವ ಮೊದಲು ನಿಮಗೇನು ಕಂಡಿತು, ಬೂಟು, ಯಾರ ಬೂಟು, ಡ್ವೇನ್‌ದು, ಅಷ್ಟು ದೊಡ್ಡ ಬೂಟು ಈ ಕೌಂಟಿಯಲ್ಲೇ ಇನ್ನೊಬ್ಬರದಿಲ್ಲ, ನಗು, ನಿಮಗೆ ಕಂಡದ್ದು ಅವನಿಗೆ ಗೊತ್ತಿತ್ತೇ, ಇಲ್ಲ. ಅದಕ್ಕೇ ಡ್ರಮ್ಯಾಟಿಕ್ ಐರನಿ ಅನ್ನುವುದು, ಅವನಿಗೆ ತಿಳಿಯುವ ಮೊದಲೇ ನಮಗೆ ತಿಳಿದಿರುತ್ತದೆ. ಪೆನ್ನು ಚಲಿಸಿತೇ ಹಿಂದೆ, ನೋಡಬಾರದು, ನೋಡಿದಳು, ಚಲಿಸಿತು. ಹಲಗೆಯ ಹತ್ತಿರ ನಿಲ್ಲದೆ ಸಾಲುಗಳ ನಡುವೆ ನಡೆಯುತ್ತ ಆ ಗ್ರೀಕ್ ಅರಸನ ಕಥೆ ಹೇಳಿದಳು, ಆಟದ ಮಾಸ್ತರ ತಾಳ ಹಿಡಿದು ಹೇಳುತ್ತಿದ್ದ ಹಾಗೆ, ಅವಸರವಿಲ್ಲದೆ, ಊರಿಗೆ ಬೇನೆ ಬಂತು, ಹಿಂದಿನ ಅರಸನನ್ನು ಕೊಂದವನು ಊರೊಳಗಿದ್ದಾನೆ, ಅವನು ಹೋಗುವ ತನಕ ಬೇನೆ ಹೋಗದು, ಹುಡುಕುತ್ತೇನೆ ಎಂದ ನಮ್ಮ ಅರಸ, ಯಾರೇ ಇರಲಿ ಬಿಡೆನು, ಹುಡುಕಿದ, ಒಬ್ಬ ಮುದಿ ಕುರುಬನ ಬಾಯಿ ಬಿಡಿಸಿದ — ಒಂದು ಕೂಸನ್ನು ಹುಟ್ಟಿದ ಮನೆಯವರೇ ಗುಡ್ಡದಲ್ಲಿ ಬಿಟ್ಟು ಬಾ ಅಂದರು, ತೆವಳಿಕೊಂಡೂ ಬರಬಾರದೆಂದು ಎರಡೂ ಪಾದ ಚುಚ್ಚಿ ಕಟ್ಟಿದ್ದರು, ನನ್ನ ಕೈ ಬರಲಿಲ್ಲ ದೊರೆಯೇ, ದೂರದ ಊರವರಿಗೆ ಕೊಟ್ಟೆ, ಬದುಕಿತು. ಅರಸನ ಹೆಸರಿನ ಅರ್ಥವೇ ಬಾತ ಪಾದ. ದಾರಿ ಜಗಳದಲ್ಲಿ ಅವನು ಹೊಡೆದು ಕೊಂದ ಮುದುಕನೇ ಹಿಂದಿನ ಅರಸ, ಅವನ ಅಪ್ಪ. ಹುಡುಕುವವನೂ ಅವನೇ, ಸಿಕ್ಕವನೂ ಅವನೇ. ಹೆದರ್ ಪೆನ್ಸಿಲ್ ಕಚ್ಚುವುದನ್ನು ಬಿಟ್ಟಿದ್ದಳು. ಡ್ವೇನ್ ತಲೆ ಮೇಜಿನ ಮೇಲಿರಲಿಲ್ಲ, ಎತ್ತಿದ ತಲೆ, ತನ್ನ ಬೂಟುಗಳನ್ನೇ ನೋಡುತ್ತಿದ್ದ, ಹಾಗಾದರೆ ಮಿಸ್, ಅಷ್ಟು ವರ್ಷ ಗುರುತು ಅವನ ಕಾಲಲ್ಲೇ ಇತ್ತಲ್ಲ ಎಂದ, ಇತ್ತು ಎಂದಳು, ದಿನಾ ಅದರ ಮೇಲೆ ಬೂಟು ಹಾಕಿಕೊಂಡು ತಿರುಗುತ್ತಿದ್ದನಲ್ಲ, ತಿರುಗುತ್ತಿದ್ದ.

ಇನ್ನೊಂದು ಸಲ ತೆರೆ ಹಿಡಿಯಿರಿ, ಕೊನೆಯ ಪ್ರವೇಶ, ಅದೇ ಪ್ರಶ್ನೆ. ಡ್ವೇನ್ ಶೀಟಿನ ಹಿಂದೆ ಹೋದ, ಏನೋ ಧಪ್ಪೆಂದಿತು, ಮತ್ತೊಮ್ಮೆ ಧಪ್, ಹುಡುಗಾಟ ಮಾಡುತ್ತಿದ್ದಾನೆ, ಈಗ ಬೇಡವಪ್ಪ, ಈಗೊಂದು ಗಳಿಗೆ ಬೇಡ — ನೀವು ಯಾರು, ಹೆದರ್ ಕೇಳಿದಳು, ದನಿ ಇಳಿದಿತ್ತು, ಯಾವ ದೇಶದವರು, ಜನ ನಿಮ್ಮನ್ನು ಏನೆಂದು ಕರೆಯುತ್ತಾರೆ. ಮೇಳ ಬಾಯಿ ತೆರೆದು ಕಾಯುತ್ತಿದೆ, ಹಿಡಿಯಲು ಕೊನೆಯ ಮಾತೇ ಬಂದಿಲ್ಲ. ಮಾತು ಮರೆತ, ಬರೆದುಕೊಟ್ಟಿದ್ದಳು, ನಾನು ಯಾರೆಂದು ಈಗ ತಿಳಿಯಿತು ಎನ್ನಬೇಕಿತ್ತು ಅವನು, ಹೇಳಿಕೊಡಲೇ, ಮೆಲ್ಲಗೆ, ತುಟಿಯಲ್ಲಿ, ಹಿಂದೆ ಪೆನ್ನಿನ ಸದ್ದೂ ಇಲ್ಲ, ಪಾಠ ಕೈತಪ್ಪಿತೆಂದು ಹಳದಿ ಹಾಳೆ ತೀರ್ಮಾನಿಸಿರಬಹುದು, ಬಾಯಿ ತೆರೆದಳು — ಅಂದು ಊರ ಕಣದಲ್ಲಿ ಬೆಳಗಾಗುತ್ತಿದೆ, ಬಣವೆಯ ಹಿಂದೆ ಕೆಂಪು, ಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ಅರಸನ ಕೊನೆಯ ಪ್ರವೇಶ, ಅದಕ್ಕೂ ತೆರೆ ಹಿಡಿಸುತ್ತಿದ್ದ ಅಪ್ಪ, ಅದು ಅವನದೇ ಪದ್ಧತಿ, ತಾವು ಯಾರು ಎಂದ ಸಾರಥಿ, ಅಪ್ಪ ಸುಮ್ಮನಿದ್ದ, ಮಾಸ್ತರ ಪದ ಎತ್ತಿಕೊಟ್ಟ, ಸುಮ್ಮನಿದ್ದ, ಮತ್ತೆ ಎತ್ತಿಕೊಟ್ಟ, ಮಂದಿ ಗುಸುಗುಸು, ಮಹಾಂತಪ್ಪ ಮರ್ತಾನ, ತೆರೆಯ ಕೆಳಗೆ ಎರಡು ಕಾಲು, ಗೆಜ್ಜೆಯ ಒಂದು ಕಾಳೂ ಅಲುಗದ ಕಾಲು, ಆಮೇಲೆ ಗುಸುಗುಸುವೂ ನಿಂತಿತು, ಒಬ್ಬ ಮುದುಕಿ ಬಿಕ್ಕಿದ್ದು ಕೇಳಿಸಿತು. ಮನೆಗೆ ಹೋಗುವಾಗ, ಅಪ್ಪಾ ಮರ್ತಿದ್ದೇನು, ಮರ್ತಿದ್ದಿಲ್ಲ ಸಿದ್ದವ್ವ, ಆ ಹೊತ್ತಿನ್ಯಾಗ ಅರಸಗ ಹೆಸರೆಲ್ಲಿ ಇರತೈತಿ, ಏನಂತ ಹೇಳಲಿ. ತೆರೆದ ಬಾಯಿ ಮುಚ್ಚಿಕೊಂಡಳು. ಹೇಳಿಕೊಡಲಿಲ್ಲ. ಹೆದರ್ ಇನ್ನೊಮ್ಮೆ ಕೇಳಿದಳು, ನೀವು ಯಾರು, ಅದು ಈಗ ಪಾಠವಾಗಿರಲಿಲ್ಲ, ಹುಡುಗಿ ನಿಜವಾಗಿಯೇ ಕೇಳುತ್ತಿದ್ದಳು, ಶೀಟು ಹಿಡಿದವರು ನಗುತ್ತಿರಲಿಲ್ಲ, ಹಿಂದೆ ಪೆನ್ನು ನೆಲಕ್ಕೆ ಬಿದ್ದು ಉರುಳಿತು, ಎತ್ತಿಕೊಳ್ಳಲು ಬಾಗಬೇಕಾದ ಮಿಸೆಸ್ ಹಾಲ್ಕಂ ಬಾಗದೆ ಕುರ್ಚಿಯ ತುದಿಗೆ ಬಂದು ಕೂತು ಎಲ್ಲರಂತೆ ಶೀಟಿನ ಕೆಳಗೇ ನೋಡುತ್ತಿದ್ದಳು, ಆಗ ಸಿದ್ದೇಶ್ವರಿಯೂ ನೋಡಿದಳು, ಬೂಟುಗಳಿರಲಿಲ್ಲ, ಅವು ಆಚೆ ಗೋಡೆಯ ಬಳಿ ಅಂಗಾತ ಬಿದ್ದಿದ್ದವು, ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ, ನೀಲಿ ಹೂವಿನ ಅಂಚಿನಡಿ, ಆ ಒಂದು ಗೇಣು ಸಂದಿಯಲ್ಲಿ, ಬರಿಗಾಲು, ಎರಡೂ ಹಿಮ್ಮಡಿ ಒಂದಕ್ಕೊಂದು ಕಟ್ಟಿದಂತೆ ಜೋಡಿಸಿ, ಅಲುಗದೆ ನಿಂತ ಎರಡು ಪಾದ, ಎರಡು ಪಾದ —