ಹತ್ತು ಲಕ್ಷದ ಒಂಬತ್ತು

ಜೋಗೇಶ್ವರಿಯಲ್ಲಿ ಶಿವಪುತ್ರಪ್ಪನ ಗೇರ್ ಕಾರ್ಖಾನೆಗೆ ಅಣವೀರಪ್ಪನೇ ಲೆಕ್ಕದ ಹುಲಿ. ಗೇರಿಗೆ ಹಲ್ಲು ಕೊರೆಯುವ ಹಳೆಯ ಮಷೀನಿಗೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಚಕ್ರ ಜೋಡಿಸಬೇಕು. ಆ ಕೆಲಸದ ಲೆಕ್ಕದಲ್ಲಿ ಬರುವ ದೊಡ್ಡ ಸಂಖ್ಯೆಯನ್ನು ಸಣ್ಣ ಸಂಖ್ಯೆಗಳ ಗುಣಾಕಾರವಾಗಿ ಒಡೆದರೆ ಮಾತ್ರ ಎಷ್ಟೆಷ್ಟು ಹಲ್ಲಿನ ಚಕ್ರ ಹಾಕಬೇಕೆಂದು ತಿಳಿಯುತ್ತದೆ. ಕಬ್ಬಿಣದ ಡಬ್ಬಿಯಲ್ಲಿದ್ದ ಚಕ್ರಗಳಲ್ಲಿ ಅತಿ ದೊಡ್ಡದಕ್ಕೆ ನೂರಿಪ್ಪತ್ತೇಳು ಹಲ್ಲು. ಆಳಂದದಲ್ಲಿ ನಾಲ್ಕನೇ ಇಯತ್ತೆ ಓದಿ ಬಂದವನು ಮೂವತ್ತೊಂದು ವರ್ಷ ಬಾಯಿಲೆಕ್ಕದಲ್ಲೇ ಈ ಕೆಲಸ ಮಾಡಿದ್ದ. ಅವನಿಗೆ ಸೊಕ್ಕು ಇರಲಿಲ್ಲ ಅಂದರೆ ಸುಳ್ಳಾದೀತು.

ಶಿವಪುತ್ರಪ್ಪ ಹಾಸಿಗೆ ಹಿಡಿದ ಮೇಲೆ ಇಂಜಿನಿಯರ್ ಮಗ ಸ್ನೇಹಲ್ ಕುರ್ಚಿಗೆ ಬಂದು ಕಂಪ್ಯೂಟರ್ ಮಷೀನು ತರಿಸಿದ. ಅದಕ್ಕೆ ಒಬ್ಬನೇ ಆಳು ಸಾಕು, ಮಿಕ್ಕವರಿಗೆ ದೀಪಾವಳಿವರೆಗೆ ಮಾತ್ರ ಕೆಲಸ. ಒಂದು ಬೆಳಿಗ್ಗೆ ಎಲ್ಲರೆದುರು ಮೇಜಿನ ಮೇಲೆ ಸೀಮೆಸುಣ್ಣದಿಂದ 1000009 ಎಂದು ಬರೆದ.

“ಕಾಕಾ, ಲೆಕ್ಕದಾಗ ನೀವು ಉಸ್ತಾದ್ ಅಂತ ಪಪ್ಪಾ ಬೋಲ್ತಾರ. ಈ ನಂಬರ್ ಒಡದ್ ತೋರಸ್ರಿ. ನಯಾ ಮಷೀನ್ ನಿಮ್ದೇ.”

“ಒಡೀಲಿಲ್ಲಂದ್ರ?”

“ಒಡ್ಯಲ್ಲ ಅಂತ ಹೇಳ್ರಿ. ಕರೆಕ್ಟ್ ಇದ್ರ ಅದೂ ಚಲ್ತಾ.”

ಅಣವೀರಪ್ಪ ಕಣ್ಣು ಮುಚ್ಚಿ ಕೂತ. ಮೂರು ಹೋಗಲಿಲ್ಲ. ಏಳರಲ್ಲಿ ಮೂರು ಉಳಿಯಿತು, ಹನ್ನೊಂದರಲ್ಲಿ ಹತ್ತು. ಅರ್ಧ ತಾಸಿಗೆ ನೂರಿಪ್ಪತ್ತೇಳಕ್ಕೆ ಬಂದ, ಅಲ್ಲೂ ಹನ್ನೊಂದು ಉಳಿಯಿತು. ಡಬ್ಬಿ ಮುಗಿಯಿತು. ಡಬ್ಬಿಯ ಚಕ್ರಕ್ಕೆ ಒಡೆಯದ ಸಂಖ್ಯೆ ಯಾವುದಕ್ಕೂ ಒಡೆಯುವುದಿಲ್ಲ ಎಂದೇ ಅವನು ಇಷ್ಟು ವರ್ಷ ನಂಬಿದ್ದ.

“ಒಡ್ಯಲ್ಲ ತಮ್ಮಾ. ಬೇಕಾರ ಬರಕೊಡ್ತೀನಿ.”

ಸ್ನೇಹಲ್ ನಕ್ಕು ಮೊಬೈಲ್ ತೋರಿಸಿದ. 293 ಗುಣಿಸು 3413.

ಅಣವೀರಪ್ಪನ ಮೈಯೆಲ್ಲ ಉರಿಯಿತು. “ಇನ್ನೂರಾ ತೊಂಬತ್ಮೂರು ಹಲ್ಲಿನ ಚಕ್ರ ಎಲ್ಲದ? ತಂದ್ ಕೊಡು, ಈಗೇ ಹಾಕ್ತೀನಿ!”

“ಚಕ್ರ ಯಾರ್ ಕೇಳ್ಯಾರ ಕಾಕಾ? ನಂಬರ್ ಕೇಳ್ದೆ.”

ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅಣವೀರಪ್ಪನಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಸಂಜೆ ಚಾಳಿನ ಮನೆಗೆ ಬಂದವನು ಚಹಾ ಮುಟ್ಟದೆ ಕ್ಯಾಲೆಂಡರಿನ ಹಿಂದೆ ಗುಣಾಕಾರ ಹಾಕಿದ. ಮೊಬೈಲ್ ಸುಳ್ಳು ಹೇಳಿರಲಿ ಎಂದು ಶರಣಬಸಪ್ಪನಿಗೆ ಹರಕೆಯನ್ನೂ ಹೊತ್ತ.

“ತಪ್ಪಾಗ್ಯದೇನ್ರಿ?” ಹೆಂಡತಿ ಕಸ್ತೂರಿಬಾಯಿ ಕೇಳಿದಳು.

“ಇಲ್ಲ, ಬರೋಬರಿ ಅದ,” ಎಂದು ಗೋಡೆ ಕಡೆ ತಿರುಗಿ ಮಲಗಿದ.

ದೀಪಾವಳಿಯ ಹಿಂದಿನ ದಿನ ಚಕ್ರದ ಡಬ್ಬಿಯನ್ನು ಅವನೇ ಹೊತ್ತುಕೊಂಡು ಹೋಗಿ ಹಳೆ ಕಬ್ಬಿಣ ಕೊಳ್ಳುವ ಭಂಗಾರಿನವನ ಗಾಡಿಗೆ ಹಾಕಿದ. ಕೈ ಒರೆಸಿಕೊಂಡು ಒಳಗೆ ಬಂದಾಗ ಹೊಸ ಮಷೀನಿನ ಮುಂದೆ ಸ್ನೇಹಲನ ಹೆಂಡತಿಯ ತಮ್ಮ ಅಕ್ಷಯ ಕೂತಿದ್ದ.

“ನಿನಗ ಯಾ ನಂಬರ್ ಕೊಟ್ಟಿದ್ರಪಾ?” ಅಣವೀರಪ್ಪ ಕೇಳಿದ.

ಅಕ್ಷಯ ಕಣ್ಣು ಪಿಳಿಪಿಳಿ ಬಿಟ್ಟ. “ಕೌನ್ಸಾ ನಂಬರ್, ಕಾಕಾ?”