ಕಿಟಕಿ ಗೋಡೆ, ಬಾಗಿಲು ಗೋಡೆ

ನಮ್ಮ ಬೀದಿಯವರು ನನ್ನ ಗಂಡನನ್ನು ಪೈಪಣ್ಣ ಎನ್ನುತ್ತಾರೆ, ನನ್ನನ್ನು ಕರೆಂಟಕ್ಕ ಎನ್ನುತ್ತಾರೆ. ಅವರದು ನಲ್ಲಿ ರಿಪೇರಿ, ನನ್ನದು ವೈರಿಂಗು. ಊರವರ ನಲ್ಲಿಗಳನ್ನೆಲ್ಲ ಸರಿಮಾಡಿ ಬರುವ ಈ ಮನುಷ್ಯನ ಸ್ವಂತ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು ಬರುತ್ತಿತ್ತು, ಆಮೇಲೆ ತುಕ್ಕು ಬರುತ್ತಿತ್ತು, ಅದೃಷ್ಟ ನೆಟ್ಟಗಿದ್ದರೆ ಕೊನೆಗೆ ನೀರು ಬರುತ್ತಿತ್ತು. ಇನ್ನು ನನ್ನ ಕಡೆಯ ಸಂಗತಿ. ಇಸ್ತ್ರಿಪೆಟ್ಟಿಗೆ ಹಚ್ಚುವವರು ಮೊದಲು ಮನೆಗೆಲ್ಲ ಕೇಳುವಂತೆ ಕೂಗಬೇಕು. ಕೂಗದೆ ಹಚ್ಚಿ, ಆಚೆ ಯಾರೋ ಪಂಪು ಹಾಕಿದರೆ, ಫ್ಯೂಸು ಹಾರಿ ಮನೆಯೆಲ್ಲ ಕತ್ತಲು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಕಟ್ಟಿದವರು ಒಮ್ಮೆ ನಮ್ಮ ಮನೆಗೆ ಬಂದು ಹೋಗಿದ್ದರೋ ಏನೋ.

ಯಾರಾದರೂ ಕೇಳಿದರೆ, ಬಿಡುವಾದಾಗ ಮಾಡೋಣ ಅಂತಿದ್ದೀವಿ ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆವು. ನಾವಿಬ್ಬರೂ ಒಪ್ಪುತ್ತಿದ್ದ ಮಾತು ಅದೊಂದೇ.

ಅಷ್ಟರಲ್ಲಿ ಅತ್ತೆ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಆದರೆ ಇನ್ನು ಮೇಲೆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ನಮ್ಮದು ಹಳೇ ಕಾಲದ ಮನೆ. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಅದಕ್ಕೆ ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಆಸ್ಪತ್ರೆಯಿಂದಲೇ ಅತ್ತೆಯನ್ನು ತಮ್ಮ ಫ್ಲಾಟಿಗೆ ಕರೆದುಕೊಂಡು ಹೋದರು. "ಅಮ್ಮ ನಮ್ಮಲ್ಲೇ ಇದ್ದುಬಿಡ್ಲಿ. ಇಲ್ಲಿ ಲಿಫ್ಟ್ ಇದೆ, ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ" ಎಂದರು. ಕೊನೆಯ ಮಾತು ಯಾರಿಗೆ ತಾಗಲೆಂದು ಹೇಳಿದ್ದೋ ಅವರಿಗೆ ಸರಿಯಾಗಿ ತಾಗಿತು.

ಅತ್ತೆ ಅಲ್ಲೇ ಇದ್ದುಬಿಟ್ಟರೆ ನಾನೇನು ಮಾಡಲಿ? ನನಗೆ ನನ್ನ ಅತ್ತೆ ಬೇಕು. ಸೊಸೆಯಾದವಳು ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ನಂಬದಿದ್ದರೆ ಬಿಡಿ. ನಾನು ವೈರಿಂಗ್ ಕಲಿತು ಮೊದಲ ಕೆಲಸ ಹಿಡಿದಾಗ, ಹೆಂಗಸು ಏಣಿ ಹತ್ತಿದಳೆಂದು ನೋಡುವುದಕ್ಕೇ ಜನ ಸೇರಿದ್ದರು. ನಾನು ಮತ್ತೆ ಮತ್ತೆ ಕೆಳಗೆ ನೋಡುತ್ತಿದ್ದೆ. ಕೆಳಗೆ ಏಣಿ ಹಿಡಿದು ನಿಂತವರು ಅತ್ತೆ. "ನೀನು ಮೇಲೆ ನೋಡು, ಕೆಳಗಿನವರನ್ನ ನಾನು ನೋಡ್ಕೋತೀನಿ" ಎಂದಿದ್ದರು. ಆಮೇಲೆ ಎಷ್ಟೋ ಮನೆಗೆ ಹಾಗೇ ನನ್ನ ಜೊತೆ ಬಂದರು. ಏಣಿಗೆ ಅವರ ಕೈ ತಾಗಿದ್ದು ಮೇಲಿದ್ದ ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು.

ಹೀಗಾಗಿ ಗಂಡ ಹೆಂಡತಿ ಹೊರಗಿನ ಕೆಲಸ ಅರ್ಧಕ್ಕರ್ಧ ಕಡಿಮೆ ಮಾಡಿ ಸ್ವಂತ ಮನೆಗೆ ಕೈ ಹಾಕಿದೆವು. ಕೆಳಗಿನ ನಡುಕೋಣೆ ಅತ್ತೆಗೆ, ಅದಕ್ಕೆ ಅಂಟಿಕೊಂಡ ಉಗ್ರಾಣ ಅವರ ಬಚ್ಚಲಿಗೆ. ಹೇಗೂ ಗೋಡೆ ಒಡೆಯುತ್ತೇವೆ, ಎಲ್ಲವನ್ನೂ ಒಂದೇ ಸಲ ಬದಲಾಯಿಸೋಣ ಎಂದುಕೊಂಡೆವು. ಅವರು ಕಬ್ಬಿಣದ ಪೈಪುಗಳನ್ನು ಕಿತ್ತರು. ಒಳಗೆ ತುಕ್ಕು ಕಟ್ಟಿ ಕಟ್ಟಿ, ನೀರಿಗೆ ಉಳಿದಿದ್ದ ದಾರಿಯಲ್ಲಿ ನನ್ನ ಕಿರುಬೆರಳು ಕೂಡ ಹೋಗುತ್ತಿರಲಿಲ್ಲ. ನಾನು ಬಟ್ಟೆ ಸುತ್ತಿದ ಹಳೇ ವೈರುಗಳನ್ನು ಎಳೆದೆ. ಮುಟ್ಟಿದರೆ ಬಟ್ಟೆ ಪುಡಿಯಾಗಿ ಉದುರುತ್ತಿತ್ತು. ಇಷ್ಟು ವರ್ಷ ನಾವು ಸುಟ್ಟುಹೋಗದೆ ಉಳಿದದ್ದೇ ದೊಡ್ಡದು. ಹೊಸ ಪೈಪಿನಲ್ಲಿ ಮೊದಲ ಸಲ ನೀರು ಬಿಟ್ಟಾಗ ಅದು ಕೆಮ್ಮದೆ, ಉಗುಳದೆ, ತಿಳಿಯಾಗಿ ಸುರಿಯಿತು. ನಾವಿಬ್ಬರೂ ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹುಟ್ಟಿದ ಮಗುವನ್ನು ನೋಡುವ ಹಾಗೆ ನೋಡಿದೆವು.

ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಜಗಳ ಹತ್ತಿದ್ದು ಗೀಸರಿನಿಂದ.

"ಗೀಸರ್ ಕಿಟಕಿ ಗೋಡೆಗೆ" ಎಂದರು ನನ್ನ ಗಂಡ. "ಟ್ಯಾಂಕಿಂದ ಪೈಪು ನೆಟ್ಟಗೆ ಇಳಿಯುತ್ತೆ. ಒಂದೇ ಒಂದು ಎಲ್ಬೋ ಸಾಕು. ಅಮ್ಮ ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು."

"ಬಾಗಿಲು ಗೋಡೆಗೆ" ಎಂದೆ ನಾನು. "ಕಿಟಕಿಯಿಂದ ಮಳೆ ಎರಚಲು ಬರುತ್ತೆ, ಶವರಿನ ನೀರೂ ಹಾರುತ್ತೆ. ಅಲ್ಲಿಗೆ ಕರೆಂಟ್ ಎಳೀಬೇಕಾ? ನಿಮ್ಮಮ್ಮನಿಗೆ ಬಿಸಿನೀರು ಬೇಕೋ, ಶಾಕ್ ಬೇಕೋ?"

"ಬಾಗಿಲು ಗೋಡೆಗೆ ಸುತ್ತಿಸಿದ್ರೆ ನಾಲ್ಕು ಎಲ್ಬೋ ಆಗುತ್ತೆ ಕಣೇ. ನೀರು ಬರೋಷ್ಟರಲ್ಲಿ ಆರಿ ಹೋಗಿರುತ್ತೆ."

"ಆರ್ಲಿ ಬಿಡಿ. ಜೀವ ಇದ್ರೆ ಕಾಯಿಸ್ಕೊಂಡು ಸ್ನಾನ ಮಾಡ್ತಾರೆ."

ಪೈಪಿಗೆ ಒಂದು ಎಲ್ಬೋ ಹೆಚ್ಚಾದರೂ ಅವರಿಗೆ ಅವಮಾನ. ಪೈಪು ತಿರುಗುವ ಜಾಗಕ್ಕೆಲ್ಲ ಮೊಣಕೈಯಂತೆ ಬಾಗಿದ ಆ ತುಂಡನ್ನು ಹಾಕುವವನು ಕೆಲಸ ಬಾರದವನು ಎನ್ನುವುದು ಅವರ ವೇದ. ನನಗೆ ನೀರಿನ ಪಕ್ಕ ಕರೆಂಟು ಕಂಡರೆ ಆಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನೀರಿಗೆ ಎಳೆಯುವವರು ಯಾರೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದೂ ಈ ಸಲ ಸುಳ್ಳಾಯಿತು. ಉಂಡೆವು, ಮಲಗಿದೆವು, ಎದ್ದೆವು, ಜಗಳ ನಮಗಿಂತ ಮೊದಲೇ ಎದ್ದು ಕೂತಿತ್ತು. ಕೊನೆಗೆ ಮಾತೇ ನಿಂತಿತು.

ಏನಾದರೂ ಹೇಳಬೇಕಾದರೆ ಗಾರೆ ಕೆಲಸದ ಮೇಸ್ತ್ರಿಯ ಮೂಲಕ ಹೇಳುತ್ತಿದ್ದೆವು. "ಮೇಸ್ತ್ರಿ, ಊಟ ಆಗಿದೆ ಅಂತ ಅವರಿಗೆ ಹೇಳಿ." "ಮೇಸ್ತ್ರಿ, ಹಸಿವಿಲ್ಲ ಅಂತ ಅವಳಿಗೆ ಹೇಳಿ." ಆ ಮೇಸ್ತ್ರಿಗೆ ಜನ ಇಟ್ಟ ಹೆಸರು ಮೌನಿ. ಅವನು ದಿನಕ್ಕೆ ಆಡುವ ಮಾತನ್ನು ಒಂದು ಚಮಚದಲ್ಲಿ ತುಂಬಬಹುದು. ನಮ್ಮ ಯಾವ ಸುದ್ದಿಯೂ ಆ ಕಡೆಯಿಂದ ಈ ಕಡೆಗೆ ದಾಟುತ್ತಿರಲಿಲ್ಲ. ಅವನು ಕರಣೆ ಎಳೆಯುತ್ತಲೇ ಇರುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಅತ್ತೆಯ ಫೋನ್ ಬಂತು.

"ಏನಮ್ಮಾ, ನನ್ನ ಬಚ್ಚಲಿಗೋಸ್ಕರ ನೀವಿಬ್ರೂ ಕಚ್ಚಾಡ್ತಿದ್ದೀರಂತೆ?"

"ಕಚ್ಚಾಟ ಅಲ್ಲ ಅತ್ತೆ, ಚರ್ಚೆ."

"ನಿನ್ನ ಚರ್ಚೆ ಮೊನ್ನೆ ಫೋನಲ್ಲೇ ನನ್ನ ಮಗಳ ಕಿವಿ ಹರೀತು. ನೋಡು, ಭಾನುವಾರ ಬರ್ತೀನಿ. ಆದ್ರೆ ನನ್ನ ಪೆಟ್ಟಿಗೆ ಕಾರಲ್ಲೇ ಇರುತ್ತೆ. ನನ್ನ ದೆಸೆಯಿಂದ ನೀವಿಬ್ರೂ ಮುಖ ತಿರುಗಿಸ್ಕೊಂಡಿರೋದು ಕಂಡ್ರೆ, ಸಾಯಂಕಾಲ ಇವಳ ಜೊತೇಲೇ ವಾಪಸ್. ನಿಮ್ಮಿಬ್ಬರ ಮಧ್ಯೆ ಗೋಡೆ ಆಗೋಕೆ ನಾನು ಬರಲ್ಲ."

ಫೋನ್ ಇಟ್ಟು ನಾನು ಹೊಸ ಬಚ್ಚಲಿಗೆ ಹೋದೆ. ಅತ್ತೆ ಹೇಳಿದರೆ ಹೇಳಿದ ಹಾಗೆ ಮಾಡುವವರು. ಒಂದು ಗೋಡೆಗಾಗಿ ನಾನು ಅತ್ತೆಯನ್ನು ಕಳೆದುಕೊಳ್ಳಬೇಕೆ? ಬಾಗಿಲು ಗೋಡೆಗೆ ಆಗಲೇ ಗಾರೆಯಾಗಿ ಮೇಸ್ತ್ರಿಯ ಒದ್ದೆ ಗೋಣಿಚೀಲ ಇಳಿಬಿದ್ದಿತ್ತು, ಅತ್ತ ನಾನು ನೋಡಲಿಲ್ಲ. ಕಿಟಕಿ ಗೋಡೆಯನ್ನು ಮೇಲೆ ಕೆಳಗೆ ನೋಡಿದೆ. ಮನಸ್ಸು ಮಾಡಿದರೆ ದಾರಿ ಇಲ್ಲದೆ ಇಲ್ಲ. ಕಿಟಕಿಯ ಹೊರಗೆ ಮಳೆ ತಡೆಯಲು ಒಂದು ಚಾಚು. ಶವರಿನ ನೀರು ಮುಟ್ಟದಷ್ಟು ಎತ್ತರದಲ್ಲಿ ಮುಚ್ಚಳದ ಪೆಟ್ಟಿಗೆ. ಚೂರು ಕರೆಂಟು ಸೋರಿದರೂ ತಾನೇ ಆಫ್ ಆಗುವ ಹೊಸ ಸ್ವಿಚ್ಚು ಹೇಗೂ ಬೋರ್ಡಿನಲ್ಲಿ ಕೂತಿತ್ತು. ಗಂಡ ಹೊರಗಿನ ಕೆಲಸಕ್ಕೆ ಹೋಗಿದ್ದರು. ಉಳಿ ಸುತ್ತಿಗೆ ಹಿಡಿದು ಕಿಟಕಿ ಗೋಡೆ ಕೊರೆದು, ವೈರು ಎಳೆದು, ಅವರು ಹೇಳಿದ ಜಾಗದಲ್ಲೇ ಗೀಸರಿಗೆ ಪಾಯಿಂಟು ಕೊಟ್ಟೆ. ಸೋತಿದ್ದೆ, ಆದರೆ ಮನಸ್ಸು ಬಹಳ ಹಗುರಾಗಿತ್ತು.

"ಮೇಸ್ತ್ರಿ, ಇದನ್ನ ಮುಚ್ಚಿ ಗಾರೆ ಮಾಡಿಬಿಡಿ. ಅವರಿಗೆ ಹೇಳ್ಬೇಡಿ. ಭಾನುವಾರ ಅತ್ತೆ ಎದುರಿಗೇ ಅವರಿಗೆ ಗೊತ್ತಾಗ್ಲಿ" ಎಂದೆ.

ಮೌನಿ ಮೇಸ್ತ್ರಿ ನನ್ನ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ ಹಾಗಾಯಿತು. ಆಮೇಲೆ ಕರಣೆ ಎತ್ತಿಕೊಂಡ. ಮರುದಿನ ನೋಡಿದರೆ, ಹೊಸ ಗಾರೆ ಬಿರುಕು ಬಿಡದಿರಲೆಂದು ನಾಲ್ಕೂ ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದ. ಒಳಗೆ ಏನಿದೆ, ಎಲ್ಲಿದೆ, ಒಂದೂ ಕಾಣುತ್ತಿರಲಿಲ್ಲ. ಎಂಥ ಜಾಣ, ನನ್ನ ಗುಟ್ಟು ಕಾಪಾಡುತ್ತಿದ್ದಾನೆ ಎಂದು ಅವನಿಗೆ ಎರಡು ಲೋಟ ಹೆಚ್ಚಿಗೆ ಚಹಾ ಕೊಟ್ಟೆ. ನನ್ನ ಗಂಡನೂ ಅವತ್ತು ಅವನಿಗೆ ಚಹಾ ಕೊಡುತ್ತಿದ್ದರು. ಯಾಕೆಂದು ನಾನು ಯೋಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಬಂದರು. ಹಿಂದೆ ಅತ್ತಿಗೆ, ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ. ನಾನು ಅದನ್ನು ಕಾರಿನ ಗಾಜಿನಿಂದಲೇ ನೋಡಿ ಒಳಗೆ ಬಂದೆ.

ಅತ್ತೆ ಒಂದೊಂದನ್ನೂ ಪರೀಕ್ಷೆ ಮಾಡಿದರು. ಗೋಡೆಯ ಹಿಡಿಕೆ ಹಿಡಿದು ಜಗ್ಗಿದರು. ನಲ್ಲಿ ತಿರುಗಿಸಿದರು, ತಿಳಿ ನೀರು ಬಂತು. ಬೊಗಸೆಯಲ್ಲಿ ಹಿಡಿದು ಮುಖ ತೊಳೆದು, "ಅಯ್ಯೋ ನನ್ನಪ್ಪಾ, ಇದು ನಮ್ಮನೆ ನೀರಾ?" ಎಂದು ಮಗನ ಕೆನ್ನೆ ತಟ್ಟಿದರು. ಅಡುಗೆಮನೆಯ ಹತ್ತಿರ ಹೋಗಿ, ಹಳೇ ಅಭ್ಯಾಸಬಲದಿಂದ, "ಪಂಪು ಹಾಕ್ತಿದ್ದೀನಿ, ಇಸ್ತ್ರಿ ತೆಗೀರೋ!" ಎಂದು ಕೂಗಿ ಸ್ವಿಚ್ಚು ಒತ್ತಿದರು. ನಾನು ಬೇಕೆಂದೇ ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಿದ್ದೆ. ಪಂಪು ಓಡಿತು, ಇಸ್ತ್ರಿ ಬಿಸಿಯಾಯಿತು, ದೀಪ ಉರಿಯಿತು. ಅತ್ತೆ ಇನ್ನೂ ಕತ್ತಲಾಗಲೆಂದು ಕಾಯುತ್ತಾ ನಿಂತಿದ್ದರು.

"ಆಗಲ್ಲ ಅತ್ತೆ" ಎಂದೆ.

"ಆಗಲ್ವಾ? ಇನ್ನು ಈ ಮನೇಲಿ ನಾನು ಕೂಗೋದು ಯಾವುದಕ್ಕೆ?" ಎಂದು ನಕ್ಕರು. ನಗು ನಿಂತ ಮೇಲೆ ನಮ್ಮಿಬ್ಬರ ಮುಖವನ್ನು ಸರದಿಯಾಗಿ ನೋಡಿದರು. "ಎಲ್ಲ ಸರಿ. ಬಿಸಿನೀರು?"

ಗೀಸರ್ ಅಂದು ಬೆಳಿಗ್ಗೆಯಷ್ಟೇ ಅಂಗಡಿಯಿಂದ ಬಂದು ಡಬ್ಬದಲ್ಲೇ ಇತ್ತು. "ಈಗ್ಲೇ ಕೂರಿಸ್ತೀನಿ ಅಮ್ಮ" ಎಂದು ಗಂಡ ಡ್ರಿಲ್ಲು ಹಿಡಿದರು. ನಾನು ಟೆಸ್ಟರು ಹಿಡಿದೆ. ಎಲ್ಲರೂ ಬಚ್ಚಲಿಗೆ ಬಂದೆವು. ಮೌನಿ ಮೇಸ್ತ್ರಿ ಹೊರಗೆ ಕರಣೆ ತೊಳೆಯುತ್ತಿದ್ದವನು ತೊಳೆಯುವುದನ್ನು ನಿಲ್ಲಿಸಿದ.

ನಾನು ನೆಟ್ಟಗೆ ಕಿಟಕಿ ಗೋಡೆಗೆ ಹೋದೆ. ಅವರು ನೆಟ್ಟಗೆ ಬಾಗಿಲು ಗೋಡೆಗೆ ಹೋದರು. ಬೆನ್ನಿಗೆ ಬೆನ್ನು ತಾಗಿತು.

"ಅಲ್ಲಿಗ್ಯಾಕ್ರೀ ಹೋಗ್ತೀರಿ?" ಎಂದೆ.

"ನೀನ್ಯಾಕೆ ಅಲ್ಲಿಗೆ ಹೋಗ್ತೀಯ? ನೀನು ಹೇಳಿದ ಗೋಡೆ ಇದಲ್ವಾ?"

"ನೀವು ಹೇಳಿದ ಗೋಡೆ ಇದಲ್ವಾ?"

ಇಬ್ಬರೂ ಒಟ್ಟಿಗೇ ಗೋಣಿಚೀಲ ಕಿತ್ತೆವು. ಕಿಟಕಿ ಗೋಡೆಯಲ್ಲಿ ನನ್ನ ವೈರಿನ ಪೆಟ್ಟಿಗೆ, ಅಚ್ಚುಕಟ್ಟಾಗಿ, ಮುಚ್ಚಳ ಸಮೇತ. ಬಾಗಿಲು ಗೋಡೆಯಲ್ಲಿ ಅವರ ಎರಡು ಪೈಪುಗಳು, ಬಾಯಿಗೆ ಬಿರಡೆ ಹಾಕಿಕೊಂಡು, ಗೀಸರಿಗಾಗಿ ಕಾದು ನಿಂತಿದ್ದವು. ಕರೆಂಟಿದ್ದ ಗೋಡೆಯಲ್ಲಿ ನೀರಿಲ್ಲ. ನೀರಿದ್ದ ಗೋಡೆಯಲ್ಲಿ ಕರೆಂಟಿಲ್ಲ. ನಾನು ಮಧ್ಯಾಹ್ನ ಮಾಡಿದ್ದನ್ನು ಅವರು ಅದೇ ದಿನ ಬೆಳಿಗ್ಗೆ, ನಾನು ಹೊರಗಿನ ಕೆಲಸಕ್ಕೆ ಹೋಗಿದ್ದಾಗಲೇ ಮಾಡಿ ಮುಗಿಸಿದ್ದರು. ಅತ್ತೆ ಹಿಂದಿನ ರಾತ್ರಿಯೇ ಅವರಿಗೂ ಫೋನ್ ಮಾಡಿ ಅದೇ ಮಾತು ಹೇಳಿದ್ದರಂತೆ.

"ನಾಲ್ಕು ಎಲ್ಬೋ ಹಾಕಿದ್ರಾ?" ಎಂದೆ.

"ಐದು" ಎಂದರು ಅವರು ತಲೆ ತಗ್ಗಿಸಿ. "ದಾರೀಲಿ ಒಂದು ತೊಲೆ ಸಿಕ್ತು. ನೀರು ಆರಬಾರದು ಅಂತ ಪೈಪಿಗೆಲ್ಲ ಸ್ಪಂಜಿನ ಪಟ್ಟಿ ಸುತ್ತಿದ್ದೀನಿ."

ಐದು ಎಲ್ಬೋ! ಈ ಮನುಷ್ಯ ಹಾಕಿದ ಐದು ಎಲ್ಬೋ ನನ್ನ ಪಾಲಿಗೆ ಐದು ಚಿನ್ನದ ಬಳೆಗಿಂತ ಹೆಚ್ಚು. ಅದು ಅವರಿಗೆ ಗೊತ್ತಾಗಬಾರದೆಂದು ನಾನು ಮೇಸ್ತ್ರಿಯ ಮೇಲೆ ಹರಿಹಾಯ್ದೆ.

"ಮೇಸ್ತ್ರಿ! ಎರಡನ್ನೂ ಮುಚ್ಚಿದವರು ನೀವೇ ಅಲ್ವಾ? ಕಣ್ಣಿಗೆ ಕಾಣಿಸ್ಲಿಲ್ವಾ? ಒಂದು ಮಾತು ಹೇಳಬಾರದಿತ್ತಾ?"

ಮೌನಿ ಮೇಸ್ತ್ರಿ ತನ್ನ ವರ್ಷದ ಮಾತನ್ನೆಲ್ಲ ಅವತ್ತೇ ಖರ್ಚು ಮಾಡಿದ. "ಅಣ್ಣ ನಿಮಗೆ ಹೇಳ್ಬೇಡ ಅಂದ್ರು. ಅಕ್ಕ, ನೀವು ಅವರಿಗೆ ಹೇಳ್ಬೇಡ ಅಂದ್ರಿ. ಇಬ್ಬರಿಗೂ ಮಾತು ಕೊಟ್ಟೆ. ಕೊಟ್ಟ ಮೇಲೆ ಮುಗೀತು."

ಮೊದಲು ನಕ್ಕವರು ಅತ್ತೆ. ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಕೋಲು ಕೈಯಿಂದ ಜಾರುವಷ್ಟು ನಕ್ಕರು. ಆಮೇಲೆ ಅತ್ತಿಗೆ. ಆಮೇಲೆ ನಾವು. ಮೇಸ್ತ್ರಿ ಮಾತ್ರ ಹಲ್ಲು ಬಿಡದೆ ನಕ್ಕ. ಅತ್ತಿಗೆ ಕಣ್ಣೊರೆಸಿಕೊಂಡು, "ಅಮ್ಮಾ, ಇಲ್ಲಿ ಬಿಸಿನೀರಿಲ್ಲ. ಸಂಜೆ ನಮ್ಮನೇಗೇ ಹೋಗೋಣ ಬಾ" ಎಂದರು.

ನನ್ನ ನಗು ಅಲ್ಲೇ ನಿಂತಿತು.

ಅತ್ತೆ ಎರಡೂ ಗೋಡೆಯನ್ನು ಇನ್ನೊಂದು ಸಲ ನೋಡಿದರು. "ಇವರು ಜಗಳ ಆಡ್ತಾರೆ ಅಂದ್ಯಲ್ಲೇ" ಎಂದರು ಮಗಳಿಗೆ. "ಹೌದು, ಆಡಿದ್ದಾರೆ. ಆದ್ರೆ ನೋಡು, ಇಬ್ರೂ ಸೋತಿದ್ದಾರೆ. ನನ್ನ ವಯಸ್ಸಿಗೆ ಇಂಥ ಜಗಳ ನಾನು ಕಂಡಿಲ್ಲ. ನೀರು ಒಲೆ ಮೇಲೂ ಕಾಯುತ್ತೆ. ಹೋಗು, ಕಾರಿಂದ ನನ್ನ ಪೆಟ್ಟಿಗೆ ಇಳಿಸು."

ಪೆಟ್ಟಿಗೆ ತರಲು ಅತ್ತಿಗೆಗಿಂತ ಮೊದಲು ಓಡಿದವಳು ನಾನು.

ಮಧ್ಯಾಹ್ನ ಹೊಸ ಜಗಳ ಶುರುವಾಯಿತು. ಯಾವ ಗೋಡೆ ಒಡೆಯುವುದು? "ನನ್ನದನ್ನ ಒಡೀರಿ" ಎಂದೆ ನಾನು. "ಬೇಡ, ನನ್ನದನ್ನ" ಎಂದರು ಅವರು. ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಯಾವುದನ್ನೂ ಒಡೆಯೋದು ಬೇಡ. ಆ ಗೋಡೆಯಿಂದ ಈ ಗೋಡೆಗೆ, ಮೇಲಿಂದ, ಎಲ್ಲರಿಗೂ ಕಾಣೋ ಹಾಗೆ ವೈರು ಎಳಿ. ಬಂದವರಿಗೆಲ್ಲ ನಾನು ತೋರಿಸ್ಬೇಕು."

ಹೀಗೆ, ಕರೆಂಟಕ್ಕನ ಮನೆಯ ಬಚ್ಚಲಿನಲ್ಲಿ ಸೂರಿನ ಕೆಳಗೆ ಒಂದು ಬಿಳಿ ಕೊಳವೆ, ಒಳಗೆ ವೈರು ಇಟ್ಟುಕೊಂಡು, ಕಿಟಕಿ ಗೋಡೆಯಿಂದ ಬಾಗಿಲು ಗೋಡೆಗೆ ಎಲ್ಲರ ಕಣ್ಣಿಗೆ ಬೀಳುವಂತೆ ಓಡುತ್ತದೆ. ಬೇರೆಯವರ ಮನೆಯಲ್ಲಾದರೆ ಅಂಥ ಕೆಲಸಕ್ಕೆ ನಾನು ಛೀಮಾರಿ ಹಾಕುತ್ತಿದ್ದೆ.

ಅದನ್ನು ಕೂರಿಸಲು ಆ ಸಂಜೆಯೇ ಏಣಿ ಹತ್ತಿದೆ. ಮೊದಲ ಮೊಳೆ ಹೊಡೆಯುವಾಗ ಏಣಿ ಅಲುಗುತ್ತಿತ್ತು, ಎರಡನೆಯದಕ್ಕೆ ಅಲುಗಲಿಲ್ಲ. ಗಂಡ ಹಿಡಿದಿರಬೇಕೆಂದು ಕೆಳಗೆ ನೋಡಿದೆ. ಅತ್ತೆ ಸ್ಟೂಲಿನ ಮೇಲೆ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಏಣಿ ಹಿಡಿದಿದ್ದರು.

"ಕೆಳಗೇನು ನೋಡ್ತೀಯ?" ಎಂದರು. "ಮೇಲೆ ನೋಡು."