ಸೇತುವೆಯಾಚೆಯ ರಾಗ

ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವನ ಸಮಾಚಾರವೆಲ್ಲ ನಮಗೆ ಗೋಡೆಯ ಮೂಲಕವೇ ತಿಳಿಯುತ್ತಿತ್ತು. ಒಳಗೆ ಅವನು ಆಡುತ್ತಿದ್ದುದು ಒಂದೇ ವಿಡಿಯೋ ಗೇಮ್. ಅದರಲ್ಲಿ ಕಾಡಿಗೊಂದು ಸಂಗೀತ, ಸೇತುವೆಗೊಂದು, ಬಾವಿಕಟ್ಟೆಗೊಂದು. ಚಿಕ್ಕಂದಿನಿಂದ ಅವನ ಪಕ್ಕ ಕೂತು ಕೇಳಿದ್ದರಿಂದ ನನಗೆ ಎಲ್ಲವೂ ಬಾಯಿಪಾಠ. ಅಮ್ಮ ತಟ್ಟೆ ಹಿಡಿದು ಬಂದು ನನ್ನನ್ನೇ ಕೇಳುತ್ತಿದ್ದಳು.

“ಈಗ ಎಲ್ಲಿದ್ದಾನೆ ನಿಮ್ಮಣ್ಣ?”

“ಸೇತುವೆ ಮೇಲೆ. ದಾಟಲಿ, ಆಮೇಲೆ ಬಾಗಿಲು ತಟ್ಟು.”

“ಬೆಳಿಗ್ಗೆಯಿಂದ ಅದೇ ಸೇತುವೆ! ಟೋಲ್‌ನೋರು ಹಿಡ್ಕೊಂಡಿದ್ದಾರಾ?”

ತಮಾಷೆಗೆಂದು ಅನ್ನುತ್ತಿದ್ದಳೇ ಹೊರತು ಅವಳ ಕಣ್ಣು ಬಾಗಿಲ ಮೇಲೇ ಇರುತ್ತಿತ್ತು. ಅವನು ಹೊರಗೆ ಬಂದು ನಮ್ಮ ಜೊತೆ ಕೂತು ಒಂದು ಹೊತ್ತು ಉಂಡರೆ ಸಾಕು ಎನ್ನುವುದೊಂದೇ ಆಸೆ ನಮ್ಮಿಬ್ಬರಿಗೂ.

ಅಣ್ಣ ಹೀಗಾದದ್ದು ಅವನ ಗೆಳೆಯ ಜಿರಾಫೆ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ. ಎತ್ತರಕ್ಕಿದ್ದುದರಿಂದ ಅವನಿಗೆ ಆ ಹೆಸರು. ಇಬ್ಬರೂ ಒಂದೇ ಜಾಯ್‌ಸ್ಟಿಕ್ಕಿಗೆ ಕಿತ್ತಾಡಿಕೊಂಡು ಆಡುತ್ತಿದ್ದರು. ಬಾವಿಕಟ್ಟೆಯ ಸಂಗೀತ ನಮ್ಮ ಮೂವರಿಗೂ ಅಚ್ಚುಮೆಚ್ಚು. ಅಲ್ಲಿಗೆ ಶತ್ರುಗಳು ಬರುವುದಿಲ್ಲ. ಏನೂ ಒತ್ತದೆ ಸುಮ್ಮನಿದ್ದರೆ ಮೊದಲು ಡೋಲು ನಿಲ್ಲುತ್ತದೆ, ಆಮೇಲೆ ಪಿಟೀಲು, ಕೊನೆಗೆ ಕೊಳಲೊಂದೇ ಉಳಿಯುತ್ತದೆ. ಗುಂಡಿ ಒತ್ತಿದರೆ ಎಲ್ಲವೂ ಮರಳುತ್ತವೆ.

“ಬೇರೆ ಹಾಡನ್ನ ನಾವು ಕೇಳ್ತೀವಿ. ಇದು ನಮ್ಮನ್ನ ಕೇಳಿಸ್ಕೊಳ್ಳುತ್ತೆ ಕಣೇ ಇಲಿ,” ಎನ್ನುತ್ತಿದ್ದ ಅಣ್ಣ. ಸದ್ದಿಲ್ಲದೆ ಓಡಾಡುವ ನನಗೆ ಅವನಿಟ್ಟ ಹೆಸರು ಇಲಿ.

ಜಿರಾಫೆಗೆ ಮಾತ್ರ ತಾಳ್ಮೆ ಇರಲಿಲ್ಲ. ಕೊಳಲು ಶುರುವಾಗುವುದೇ ತಡ, ಗುಂಡಿ ಒತ್ತಿ ಆಟದ ಬೊಂಬೆಯನ್ನು ಕಟ್ಟೆಯ ಮೇಲೆ ಎರಡು ಸಲ ಕುಪ್ಪಳಿಸುತ್ತಿದ್ದ. ಒಂದೊಂದು ನೆಗೆತಕ್ಕೂ ಟಿಣ್ ಎಂದು ಗಂಟೆ.

ಆ ಮಧ್ಯಾಹ್ನ ನಾವು ಬಟ್ಟೆ ಒಣಗಿಸಿ ಮಹಡಿಯಿಂದ ಇಳಿದು ಬಂದಾಗ ಗೋಡೆಯಾಚೆ ಡೋಲು ಆಗಲೇ ನಿಂತಿತ್ತು. ಪಿಟೀಲೂ ನಿಂತಿತ್ತು. ಕೊಳಲು ಮಾತ್ರ ಬಹಳ ಹೊತ್ತು ನುಡಿಯುತ್ತಲೇ ಇತ್ತು.

“ನಿದ್ದೆ ಹೋಗಿರಬೇಕು ಬಿಡು,” ಅಂದಳು ಅಮ್ಮ.

ನನಗೆ ಜೀವ ತಡೆಯಲಿಲ್ಲ. ಬಾಗಿಲಿಗೆ ಕಿವಿಯಿಟ್ಟು “ಅಣ್ಣಾ” ಎಂದೆ. ಇನ್ನೊಮ್ಮೆ ಕರೆದೆ.

ಟಿಣ್. ಟಿಣ್. ಡೋಲು ಮರಳಿತು.

“ಎದ್ದಿದ್ದಾನೆ,” ಎಂದು ಅಮ್ಮನಿಗೆ ಹೇಳುತ್ತಿದ್ದಾಗಲೇ ಮನೆಯ ಮುಂಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಅಣ್ಣ ನಿಂತಿದ್ದ. ಕೂದಲು ಕತ್ತರಿಸಿಕೊಂಡು ಬಂದಿದ್ದ. ಕುತ್ತಿಗೆಯ ಮೇಲೆ ಇನ್ನೂ ಪೌಡರು ಇತ್ತು.

“ನೀವಿಬ್ಬರೂ ಮಹಡಿ ಮೇಲೆ ಬಟ್ಟೆ ಒಣಗಿಸ್ತಿದ್ದಾಗ ಹೋದೆ. ಯಾಕೆ ಹಿಂಗೆ ನೋಡ್ತಿದ್ದೀರಾ? ಅಷ್ಟು ಕೆಟ್ಟದಾಗಿ ಕತ್ತರಿಸಿದ್ದಾನಾ?”

ಅಮ್ಮ ಅವನ ಕೆನ್ನೆ ಮುಟ್ಟಿದಳು.

ಟಿಣ್. ಟಿಣ್.

ಅಣ್ಣನ ಮುಖದ ನಗು ಹಾಗೇ ಇಂಗಿತು. “ಒಳಗೆ ಯಾರನ್ನ ಬಿಟ್ರಿ?”

“ಕೀ ಇರೋದು ನಿನ್ನ ಹತ್ರ ಮಾತ್ರ. ನಾವ್ಯಾರನ್ನ ಬಿಡೋಣ?” ಎಂದಳು ಅಮ್ಮ.

“ಜಾಯ್‌ಸ್ಟಿಕ್ ಹಾಸಿಗೆ ಮೇಲೆ ಇಟ್ಟು ಹೋಗಿದ್ದೆ,” ಎಂದ ಮೆಲ್ಲಗೆ.

ಒಳಗಿನ ಸಂಗೀತ ಹೊರಟಿತು. ಬಾವಿಕಟ್ಟೆಯಿಂದ ಕಾಡಿಗೆ, ಕಾಡಿನಿಂದ ಸೇತುವೆಗೆ. ಯಾರೋ ಅವಸರವಿಲ್ಲದೆ ನಡೆಯುತ್ತಿದ್ದರು. ಸೇತುವೆ ದಾಟಿದರೆ ಆಟ ಮುಗಿಯುತ್ತದೆ, ಎಲ್ಲ ನಿಶ್ಶಬ್ದವಾಗಬೇಕು. ಆಗಲಿಲ್ಲ. ನಾನೆಂದೂ ಕೇಳಿರದ ಒಂದು ರಾಗ ಶುರುವಾಯಿತು.

ಅಣ್ಣ ಜೇಬಿನಿಂದ ಕೀ ತೆಗೆದ.

“ಅವನೇ ಕಣೇ. ಸೇತುವೆ ಆಚೆ ಇನ್ನೂ ದಾರಿ ಇದೆ ಅಂತ ಯಾವಾಗ್ಲೂ ವಾದ ಮಾಡ್ತಿದ್ದ.”

ಅಮ್ಮ ನನ್ನ ಮುಖ ನೋಡಿದಳು. ಒಳಗೆ ಹೋದರೆ ಇವನು ಮತ್ತೆ ಹೊರಗೆ ಬರಲಾರ ಎಂದು ಅವಳಿಗೂ ಅನ್ನಿಸಿತ್ತು. ಸಂಗೀತದ ವಿಷಯದಲ್ಲಿ ಅಣ್ಣ ನಂಬುವುದು ನನ್ನೊಬ್ಬಳನ್ನೇ. ನಾನು ಅವನ ಅಂಗಿಯ ತೋಳು ಹಿಡಿದೆ.

“ಎಷ್ಟು ಚೆನ್ನಾಗಿದೆ ಅಲ್ವಾ?” ಎಂದ.

ಅಷ್ಟು ಚೆನ್ನಾದದ್ದನ್ನು ನಾನು ಜನ್ಮದಲ್ಲೇ ಕೇಳಿರಲಿಲ್ಲ. ನನ್ನ ಕಾಲೂ ಬಾಗಿಲ ಕಡೆಗೇ ಎಳೆಯುತ್ತಿತ್ತು.

“ಅಷ್ಟೇನಿಲ್ಲ ಬಿಡು,” ಅಂದೆ. “ಶ್ರುತಿನೇ ಸರಿಯಿಲ್ಲ.”

ಅವನು ನನ್ನನ್ನು ದಿಟ್ಟಿಸಿದ. ಒಳಗೆ ರಾಗ ಒಂದು ಗಳಿಗೆ ತಡವರಿಸಿ ಮತ್ತೆ ಮುಂದುವರಿಯಿತು. ಅಮ್ಮ ಬೇಗ ಬೇಗ ಮೂರು ತಟ್ಟೆ ಹಾಕಿದಳು. ಅಣ್ಣ ಕೀಯನ್ನು ಜೇಬಿಗೆ ಹಾಕಿಕೊಂಡು ಕೂತ. ನಾನೂ ಅವನಿಗೆ ಅಂಟಿಕೊಂಡೇ ಕೂತು ಉಂಡೆ, ಎಡಗೈಯಲ್ಲಿ ಅಂಗಿಯ ತೋಳನ್ನು ಬಿಡದೆ.